ಪೀಟ್ ಅಂದರೆ ತುಂಡು: ಪಠ್ಯ ಬರೆಯುವವರಿಗೂ ನಿಘಂಟು ಕಟ್ಟುವವರಿಗೂ ಒಂದು ಬಹಿರಂಗ ಪತ್ರ

ಭೂಗೋಳದ ಪಠ್ಯ ಬರೆಯುವವರಿಗೆ, ಕನ್ನಡ ನಿಘಂಟು ಕಟ್ಟುವವರಿಗೆ,

ನಮಸ್ಕಾರ.

ನನ್ನ ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಹೋದ ಸಲದ ಕಿರುಪರೀಕ್ಷೆಯಲ್ಲಿ ‘ಪೀಟ್ ಎಂದರೇನು?’ ಅಂತ ಒಂದು ಅಂಕದ ಪ್ರಶ್ನೆ ಬಂದಿತ್ತು. ಅವಳು ಹೀಗೆ ಬರೆದಿದ್ದಳು: ‘ಪೀಟ್ ಎಂದರೆ ತೆಂಗಿನ ನಾರಿನಿಂದ ಆಗುವ ಕಲ್ಲಿದ್ದಲು. ಇದನ್ನು ಹೂವಿನ ಕುಂಡಗಳಿಗೆ ಹಾಕುತ್ತಾರೆ.’ ಮೇಷ್ಟ್ರು ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿ ಕಳಿಸಿದ್ದರು. ಮನೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ. “ಅತ್ತೆ, ನೋಟ್ಸಲ್ಲಿ ಪೀಟ್ ಅಂದ್ರೆ ಕಲ್ಲಿದ್ದಲಿನ ಮೊದಲ ಹಂತ ಅಂತಿದೆ. ನಿನ್ನ ಟೆರೇಸ್ ಮೇಲಿರೋ ಇಟ್ಟಿಗೆ ಮೇಲೆ ಕೋಕೋಪೀಟ್ ಅಂತಿದೆ. ಎರಡನ್ನೂ ಕೂಡಿಸಿದ್ರೆ ನಾನು ಬರೆದಿರೋದೇ ಬರತ್ತೆ, ಅಲ್ವಾ?” ಅಂದಳು.

ಹೌದಲ್ಲ! ಅವಳು ಕೂಡಿಸಿದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವಳ ಕೈಗೆ ಕೊಟ್ಟ ಸಾಮಾನೇ ಅಷ್ಟಿತ್ತು.

ಮೇಷ್ಟ್ರನ್ನು ಬಯ್ಯಲು ಈ ಪತ್ರ ಬರೆಯುತ್ತಿಲ್ಲ. ಪೀಟ್ ಅನ್ನುವ ಪದ ಕನ್ನಡಕ್ಕೆ ಬಂದು ಬಹಳ ಕಾಲ ಆಯಿತು. ಆದರೆ ಅದು ಎಲ್ಲಿಂದ ಬಂತು, ಅದರ ಅಪ್ಪ ಅಮ್ಮ ಯಾರು ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ. ಪೀಟ್, ಲಿಗ್ನೈಟ್, ಬಿಟುಮಿನಸ್, ಆಂತ್ರಸೈಟ್ ಅಂತ ಕಲ್ಲಿದ್ದಲಿನ ಹಂತಗಳನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಾರೆ. ನಾವೂ ಹೊಡೆದೆವು. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಅದನ್ನು ‘ಪೀಟಿ’ ಅಂತ ಓದಿ, ಗ್ರೌಂಡಿಗೆ ಹೋಗೋಣವಾ ಸಾರ್ ಅಂತ ಕೇಳಿ ಏಟು ತಿಂದಿದ್ದ.

ಪೀಟ್ ಅಂದರೆ ಏನು ಅಂತ ಹಳ್ಳಿಯ ಮಗುವಿಗೆ ಹೇಳುವುದು ಕಷ್ಟವೇ ಅಲ್ಲ. ಬೆರಣಿ ಗೊತ್ತಲ್ವಾ? ಉತ್ತರ ಕರ್ನಾಟಕದವರಾದರೆ ಕುಳ್ಳು ಅನ್ನಿ. ಸಗಣಿ ತಟ್ಟಿ, ಬಿಸಿಲಿಗೆ ಒಣಗಿಸಿ, ಒಟ್ಟಿಟ್ಟು, ಮಳೆಗಾಲಕ್ಕೆ ಒಲೆಗೆ ಹಾಕುತ್ತೇವೆ. ಐರ್ಲೆಂಡ್, ಸ್ಕಾಟ್ಲೆಂಡಿನ ರೈತರು ಹಸುವಿನ ಬದಲು ನೆಲದಿಂದಲೇ ಬೆರಣಿ ತೆಗೆದರು ಅಂದುಕೊಳ್ಳಿ. ಜೌಗು ನೆಲದಲ್ಲಿ ಗುದ್ದಲಿಯಂಥ ಹತಾರದಿಂದ ಕಪ್ಪು ಕಂದು ಮಣ್ಣನ್ನು ಇಟ್ಟಿಗೆಯ ಹಾಗೆ ಕೊಯ್ಯುತ್ತಾರೆ. ಕೊಯ್ದಾಗ ಅದರ ಮುಕ್ಕಾಲಿಗಿಂತ ಹೆಚ್ಚು ಪಾಲು ನೀರೇ. ನೆಲದ ಮೇಲೆ ಹರವುತ್ತಾರೆ. ಸ್ವಲ್ಪ ಗಟ್ಟಿಯಾದ ಮೇಲೆ ನಾಲ್ಕೈದನ್ನು ಒಂದಕ್ಕೊಂದು ಆನಿಸಿ ನಿಲ್ಲಿಸುತ್ತಾರೆ, ಗಾಳಿ ಆಡಲಿ ಅಂತ. ವಾರಗಟ್ಟಲೆ ಒಣಗಿದ ಮೇಲೆ ಮನೆಯ ಗೋಡೆಗೆ ಒಟ್ಟುತ್ತಾರೆ. ಚಳಿಗಾಲವೆಲ್ಲ ಅದೇ ಉರುವಲು. ಮರ ಕಡಿಮೆ ಇರುವ ದೇಶದಲ್ಲಿ ಇನ್ನೇನು ಮಾಡುತ್ತಾರೆ?

ಆ ಮಣ್ಣು ಉರಿಯುವುದು ಯಾಕೆ ಅಂದರೆ, ಅದು ಮಣ್ಣೇ ಅಲ್ಲ. ಸತ್ತ ಪಾಚಿ, ಹುಲ್ಲು, ಬೇರು. ಕೊಳೆತು ಗೊಬ್ಬರವಾಗಬೇಕಿತ್ತು, ಆಗಲಿಲ್ಲ. ನೀರು ನಿಂತ ಜಾಗ, ಗಾಳಿ ಒಳಗೆ ಹೋಗುವುದಿಲ್ಲ, ಮೇಲೆ ಚಳಿ ಬೇರೆ. ಸ್ಫ್ಯಾಗ್ನಮ್ ಅನ್ನುವ ಪಾಚಿ ಆ ನೀರನ್ನು ಹುಳಿ ಮಾಡಿಬಿಡುತ್ತದೆ. ಈ ಪಾಚಿ ತನ್ನ ಒಣ ತೂಕದ ಹತ್ತಿಪ್ಪತ್ತು ಪಟ್ಟು ನೀರು ಹಿಡಿದುಕೊಳ್ಳುತ್ತದೆ. ಹುಳಿ, ನೀರು, ಗಾಳಿ ಆಡದ ಜಾಡಿ. ಗೊತ್ತಾಯಿತಲ್ಲ, ಉಪ್ಪಿನಕಾಯಿ! ಉಪ್ಪಿಲ್ಲ ಅಷ್ಟೇ. ಹೀಗೆ ಪದರದ ಮೇಲೆ ಪದರ ಕೂರುತ್ತಾ ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಒಂದು ಮೀಟರ್ ಆಳಕ್ಕೆ ಸಾವಿರ ವರ್ಷ.

ಈ ಉಪ್ಪಿನಕಾಯಿ ಮಾತು ಸುಮ್ನೆ ಹೇಳಿದ್ದಲ್ಲ. 1950ರಲ್ಲಿ ಡೆನ್ಮಾರ್ಕಿನ ಸಿಲ್ಕೆಬೋರ್ ಊರಿನ ಹತ್ತಿರ ಪೀಟ್ ಕೊಯ್ಯುತ್ತಿದ್ದವರಿಗೆ ಒಬ್ಬ ಮನುಷ್ಯನ ಹೆಣ ಸಿಕ್ಕಿತು. ತಲೆಗೆ ಚರ್ಮದ ಟೊಪ್ಪಿ, ಕುತ್ತಿಗೆಯಲ್ಲಿ ಹಗ್ಗ. ಗಡ್ಡದ ಕುರುಚಲು ಕೂಡ ಹಾಗೇ ಇತ್ತು. ಯಾರೋ ಈಚೆಗೆ ಕೊಲೆ ಮಾಡಿ ಹೂತಿದ್ದಾರೆ ಅಂತ ಪೊಲೀಸರಿಗೆ ಹೇಳಿಕಳಿಸಿದರು. ನೋಡಿದರೆ ಆತ ಸತ್ತು ಎರಡು ಸಾವಿರ ವರ್ಷಕ್ಕೂ ಮೇಲಾಗಿತ್ತು. ಐರ್ಲೆಂಡಿನ ಜೌಗುಗಳಲ್ಲಿ ಬೆಣ್ಣೆ ಸಿಗುತ್ತದೆ. ಯಾವುದೋ ಕಾಲದ ಮನೆಯಾಕೆ ಮರದ ಡಬ್ಬದಲ್ಲಿಟ್ಟು ಹೂತ ಬೆಣ್ಣೆ, ನೂರಾರು ವರ್ಷವಾದ ಮೇಲೂ ಬೆಣ್ಣೆ ಅಂತ ಗುರುತು ಹಿಡಿಯುವ ಹಾಗೆ. ‘ಕಲ್ಲಿದ್ದಲಿನ ಮೊದಲ ಹಂತ’ ಅನ್ನುವ ಸಾಲಿನ ಪಕ್ಕದಲ್ಲಿ ಈ ಒಂದು ಬೆಣ್ಣೆ ಡಬ್ಬ ಇಟ್ಟರೆ ಸಾಕು, ಮಗು ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನು ಪದದ ಕತೆ. ನಿಘಂಟಿನವರು ಸ್ವಲ್ಪ ಹತ್ತಿರ ಬನ್ನಿ, ಇದು ನಿಮಗೆ.

1200ರ ಸುಮಾರಿನ ಸ್ಕಾಟ್ಲೆಂಡಿನ ಲ್ಯಾಟಿನ್ ದಾಖಲೆಗಳಲ್ಲಿ ‘ಪೆಟಾ’ ಅಂತ ಬರುತ್ತದೆ. ಯಾರಿಗೆ ಎಲ್ಲಿ ಉರುವಲು ಕೊಯ್ಯುವ ಹಕ್ಕಿದೆ ಅಂತ ಬರೆದಿಟ್ಟ ಕಾಗದಗಳು ಅವು. ಜಗಳದ ಕಾಗದದಲ್ಲೇ ಪದಗಳು ಉಳಿದುಕೊಳ್ಳುವುದು, ನಮ್ಮ ಕೆರೆ ಕಾಲುವೆಯ ಶಾಸನಗಳ ಹಾಗೆ. ಆ ‘ಪೆಟಾ’ ಅಂದರೆ ಮಣ್ಣಿನ ಜಾತಿಯಲ್ಲ, ಕೊಯ್ದ ಒಂದು ತುಂಡು. ಸ್ಕಾಟ್ಲೆಂಡಿನಲ್ಲಿ ಇವತ್ತಿಗೂ ಒಂದು ಪೀಟ್, ಎರಡು ಪೀಟ್ ಅಂತ ಎಣಿಸುತ್ತಾರೆ, ನಾವು ಬೆರಣಿ ಎಣಿಸುವ ಹಾಗೆ. ಕಾಲ ಕಳೆದಂತೆ ತುಂಡಿನ ಹೆಸರೇ ಆ ವಸ್ತುವಿನ ಹೆಸರಾಯಿತು.

ಇದು ನಮಗೆ ಹೊಸದಲ್ಲ. ಹಳೇ ಮೈಸೂರು ಕಡೆ ಊಟಕ್ಕೆ ಕೂತಾಗ “ಹುಳಿಯಲ್ಲಿ ಹೋಳೇ ಇಲ್ವಲ್ಲ” ಅನ್ನುತ್ತೇವೆ. ಹೋಳು ಅಂದರೆ ತುಂಡು. ಆದರೆ ನಾವು ಕೇಳುತ್ತಿರುವುದು ತುಂಡನ್ನಲ್ಲ, ತರಕಾರಿಯನ್ನು. ಹೆಚ್ಚಿದ ಆಕಾರದ ಹೆಸರು ಹೆಚ್ಚಿದ ಪದಾರ್ಥಕ್ಕೆ ಅಂಟಿಕೊಂಡಿತು. ಪೀಟ್ ಆದದ್ದೂ ಹೀಗೆಯೇ.

ಆ ಪೆಟಾ ಎಲ್ಲಿಂದ ಬಂತು? ಕೆಲ್ಟಿಕ್ ಭಾಷೆಗಳಿಂದ (ಐರಿಷ್, ವೆಲ್ಶ್ ಎಲ್ಲ ಆ ಕುಟುಂಬದವೇ) ಬಂದಿರಬೇಕು ಅನ್ನುವುದು ಪಂಡಿತರ ಊಹೆ. ಅಲ್ಲಿ ‘ಪೆಟ್’ ಅಂದರೆ ತುಂಡು, ಪಾಲು. ವೆಲ್ಶ್ ಭಾಷೆಯ ‘ಪೆಥ್’ ಅನ್ನುವ ಪದ ಇದರ ಬಳಗವೇ. ಸ್ಕಾಟ್ಲೆಂಡಿನ ಪಿಟ್‌ಲಾಕ್ರಿ, ಪಿಟನ್‌ವೀಮ್ ಊರುಗಳ ಹೆಸರಿನ ಮುಂದಿರುವ ‘ಪಿಟ್’ ಕೂಡ ಇದೇ. ಅದು ಪಿಕ್ಟ್ ಅನ್ನುವ ಹಳೆಯ ಜನ ಹೊಲದ ಪಾಲಿಗೆ ಇಟ್ಟ ಹೆಸರು. ಫ್ರಾನ್ಸಿನ ಕಡೆ ಇದೇ ಬೇರಿನಿಂದ ಹೊರಟ ಪದ ಲ್ಯಾಟಿನ್ನಿನಲ್ಲಿ ‘ಪೆಟಿಯಾ’ ಆಗಿ, ಫ್ರೆಂಚಿನಲ್ಲಿ ಸವೆದು, ಇಂಗ್ಲಿಷಿಗೆ ಬಂದು ‘ಪೀಸ್’ ಆಯಿತು. ಅಂದರೆ ನಮ್ಮ ಬ್ಲೌಸ್ ಪೀಸು, ಬಿರಿಯಾನಿಯ ಪೀಸು, ಈ ಪೀಟ್ ಎಲ್ಲ ಒಂದೇ ಮನೆಯ ದಾಯಾದಿಗಳು. ನೀವು ಪುಸ್ತಕದ ಅಂಚಿನಲ್ಲಿ ಇಷ್ಟು ಹಾಕಿದರೆ ಮಕ್ಕಳು ಕ್ಲಾಸಿನಲ್ಲಿ ನಗುತ್ತಾರೆ. ನಗಲಿ ಬಿಡಿ.

ಇದಕ್ಕೆ ಇನ್ನೊಂದು ಹೆಸರಿದೆ. ನನಗಂತೂ ಅದೇ ಜಾಸ್ತಿ ಇಷ್ಟ. ಐರ್ಲೆಂಡಿನವರು ಮಾತಿನಲ್ಲಿ ಪೀಟ್ ಅನ್ನುವುದು ಅಪರೂಪ, ‘ಟರ್ಫ್’ ಅನ್ನುತ್ತಾರೆ. ಜರ್ಮನರಿಗೆ ಅದು ‘ಟೋರ್ಫ್’, ಫ್ರೆಂಚರಿಗೆ ‘ಟುರ್ಬ್’. ಬೆಂಗಳೂರಿನವರಿಗೆ ಟರ್ಫ್ ಅಂದರೆ ಕುದುರೆ ರೇಸು, ಈಗಿನ ಹುಡುಗರಿಗೆ ರಾತ್ರಿ ಲೈಟ್ ಹಾಕಿ ಕ್ರಿಕೆಟ್ ಆಡುವ ಹಸಿರು ಹಾಸು. ಬೇರಿನಲ್ಲಿ ಅದು ಹುಲ್ಲಿನ ಹೆಂಟೆ. ಭಾಷಾಶಾಸ್ತ್ರದವರು ಈ ಪದದ ಬೇರನ್ನು ಅಗೆಯುತ್ತಾ ಹೋಗಿ ಎಲ್ಲಿಗೆ ಮುಟ್ಟಿದ್ದಾರೆ ಗೊತ್ತಾ? ಸಂಸ್ಕೃತದ ‘ದರ್ಭ’ದ ಹತ್ತಿರ. ಹೌದು, ನಮ್ಮ ದರ್ಭೆ. ಎರಡಕ್ಕೂ ಒಂದೇ ಮೂಲ ಅನ್ನುತ್ತಾರೆ. ತಿಥಿ ದಿನ ಪುರೋಹಿತರು ಬೆರಳಿಗೆ ಸುತ್ತುವ ಹುಲ್ಲು, ಐರ್ಲೆಂಡಿನ ಮುದುಕ ಒಲೆಗೆ ಹಾಕುವ ಕಪ್ಪು ಹೆಂಟೆ, ಎರಡರ ಹೆಸರೂ ಒಂದೇ ತವರಿನದು. ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಅಣ್ಣ ನಂಬಲೇ ಇಲ್ಲ. ಸಾಬರಿಗೂ ಸ್ವಾಮಿಗೂ ಸಂಬಂಧ ಕಟ್ಟುವವಳು ನೀನು ಅಂದ.

ಹತಾರದ ಹೆಸರಿಗೂ ಇಂಥದೇ ತಿರುಗಾಟ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪದಲ್ಲಿ ಪೀಟ್ ಕೊಯ್ಯುವ ಹತಾರಕ್ಕೆ ‘ಟುಷ್ಕರ್’ ಅನ್ನುತ್ತಾರೆ. ಅದು ವೈಕಿಂಗರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ‘ಟೋರ್ಫ್‌ಸ್ಕೆರಿ’, ಟರ್ಫ್ ಕೊಯ್ಯುವುದು ಅಂತ ಅರ್ಥ. ಪಕ್ಕದ ಆರ್ಕ್ನಿ ದ್ವೀಪಗಳಲ್ಲಿ ಟೋರ್ಫ್ ಐನಾರ್ ಅಂತ ಒಬ್ಬ ನಾಯಕನಿದ್ದ. ಟೋರ್ಫನ್ನು ಉರುವಲಿಗೆ ಕೊಯ್ಯುವುದನ್ನು ಮೊದಲು ಶುರು ಮಾಡಿದವನು ಅವನೇ, ಅದಕ್ಕೇ ಆ ಹೆಸರು ಅಂತ ಐಸ್‌ಲ್ಯಾಂಡಿನ ಹಳೆಯ ಕಥನ ಹೇಳುತ್ತದೆ. ಅದು ಅವರ ಹೆಮ್ಮೆ, ಹೇಳಿಕೊಳ್ಳಲಿ. ಅವನಿಗಿಂತ ಎಷ್ಟೋ ನೂರು ವರ್ಷ ಮೊದಲೇ ರೋಮಿನ ಬರಹಗಾರ ಪ್ಲಿನಿ ಉತ್ತರ ಸಮುದ್ರದ ಕರಾವಳಿಯ ಜನರ ಬಗ್ಗೆ ಬರೆದಿದ್ದ. ಇವರು ಕೈಯಲ್ಲಿ ಕೆಸರು ಬಾಚಿ, ಬಿಸಿಲಿಗಿಂತ ಗಾಳಿಯಲ್ಲೇ ಜಾಸ್ತಿ ಒಣಗಿಸಿ, ಅದನ್ನೇ ಸುಟ್ಟು ಅಡುಗೆ ಮಾಡಿಕೊಳ್ಳುತ್ತಾರೆ, ಮೈ ಕಾಯಿಸಿಕೊಳ್ಳುತ್ತಾರೆ ಅಂತ. ಅವನಿಗೆ ಪಾಪ ಅನಿಸಿತ್ತು. ಮಣ್ಣು ಸುಡುವ ಜನರನ್ನು ಕಂಡರೆ ಪಟ್ಟಣದವರಿಗೆ ಯಾವ ಕಾಲದಲ್ಲೂ ಹಾಗೇ ಅನಿಸುವುದು.

ಡಚ್ಚರ ಮಾತು ಕೇಳಿ. ಐದೈದರ ಗುಂಪಿನಲ್ಲಿ ಗೀಟು ಎಳೆದು ಎಣಿಸುತ್ತೇವಲ್ಲ, ನಾಲ್ಕು ಗೀಟು, ಐದನೆಯದು ಅಡ್ಡ? ಅದಕ್ಕೆ ಡಚ್ಚಿನಲ್ಲಿ ‘ಟರ್ವನ್’ ಅನ್ನುತ್ತಾರೆ. ಟರ್ಫ್ ಎಣಿಸುವುದು ಅಂತ. ದೋಣಿಯಿಂದ ಇಳಿಸುವಾಗ ಲೆಕ್ಕ ತಪ್ಪದ ಹಾಗೆ ಎಳೆದ ಗೀಟುಗಳು ಆಮೇಲೆ ಓಟು ಎಣಿಸಲೂ ಬಂದವು. ಪೀಟ್ ನೆಲಕ್ಕೆ ಅವರ ಮಾತು ‘ವೇನ್’. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟಲ್‌ವೇನ್ ಊರಿನಲ್ಲಿ ಈಗ ಬೇಕಾದಷ್ಟು ಕನ್ನಡದ ಐಟಿ ಹುಡುಗರಿದ್ದಾರೆ. ಅವರು ದಿನಾ ಬರೆಯುವ ವಿಳಾಸದಲ್ಲಿ ಪೀಟ್ ಇದೆ.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ‘ಬ್ರಾಡ್ಸ್’ ಅಂತ ಸರೋವರಗಳಿವೆ, ಜನ ದೋಣಿ ವಿಹಾರಕ್ಕೆ ಹೋಗುತ್ತಾರೆ. ದೇವರು ಮಾಡಿದ ಕೆರೆಗಳು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಅನ್ನುವ ಸಸ್ಯವಿಜ್ಞಾನಿ ನೆಲಕ್ಕೆ ಕೊಳವೆ ಇಳಿಸಿ ನೋಡಿದರು. ಅಂಚುಗಳು ಗೋಡೆಯ ಹಾಗೆ ನೆಟ್ಟಗೆ, ತಳ ಸಮತಟ್ಟು. ಮಧ್ಯಯುಗದ ಜನ ಪೀಟ್ ಕೊಯ್ದು ಕೊಯ್ದು ಬಿಟ್ಟ ಹೊಂಡಗಳು ಅವು. ನೀರು ಆಮೇಲೆ ತುಂಬಿಕೊಂಡಿದ್ದು.

ಸರಿ, ನಮ್ಮ ಕಡೆ ಏನಿದೆ ಅಂತ ಕೇಳುತ್ತೀರಿ. ಇದೆ. ನೀಲಗಿರಿಯ ಮೇಲಿನ ಹುಲ್ಲುಗಾವಲುಗಳ ನಡುವೆ, ಕಣಿವೆಯ ಜೌಗುಗಳಲ್ಲಿ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಜೊತೆಗಾರರು ಆ ಪೀಟನ್ನು ಪದರ ಪದರವಾಗಿ ಪರೀಕ್ಷೆ ಮಾಡಿ, 1993ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಒಣ ಕಾಲದಲ್ಲಿ ಬೆಳೆಯುವ ಹುಲ್ಲಿನ ಇಂಗಾಲಕ್ಕೂ ತೇವದಲ್ಲಿ ಬೆಳೆಯುವ ಗಿಡಗಳ ಇಂಗಾಲಕ್ಕೂ ಸಣ್ಣ ವ್ಯತ್ಯಾಸ ಇರುತ್ತದೆ. ಅದನ್ನು ಅಳೆದು, ಕಳೆದ 20 ಸಾವಿರ ವರ್ಷಗಳಲ್ಲಿ ಇಲ್ಲಿ ಯಾವಾಗ ಮಳೆ ಜಾಸ್ತಿ, ಯಾವಾಗ ಬರ ಅಂತ ಓದಿದರು. ನಮ್ಮ ಮುಂಗಾರಿನ ಹಳೆಯ ಪಂಚಾಂಗ ಆ ಕಪ್ಪು ಕೆಸರಿನಲ್ಲಿತ್ತು. ಇದು ನಮ್ಮ ಮಕ್ಕಳ ಭೂಗೋಳದಲ್ಲಿ ಇರಬೇಡವೇ? ನೀಲಗಿರಿಯಲ್ಲಿ ಬಡಗರಿದ್ದಾರೆ. ಬಡಗು ಅಂದರೆ ಉತ್ತರ. ಮೈಸೂರು ಕಡೆಯಿಂದ ಬೆಟ್ಟ ಹತ್ತಿದವರು ತಾವು ಅನ್ನುತ್ತಾರೆ. ಅವರ ಮಾತು ಕನ್ನಡಕ್ಕೆ ಅಂಟಿಕೊಂಡೇ ಇದೆ. ಆ ಜೌಗಿನ ಪಕ್ಕದಲ್ಲೇ ತಲೆತಲಾಂತರದಿಂದ ಎಮ್ಮೆ ದನ ಮೇಯಿಸಿದವರು, ಹೊಲ ಮಾಡಿದವರು. ನಿಘಂಟಿನವರೇ, ಆ ಕಪ್ಪು ನೆಲಕ್ಕೆ ಏನಂತೀರಿ ಅಂತ ಅವರನ್ನು ಒಂದು ಸಲ ಕೇಳಿಕೊಂಡು ಬನ್ನಿ.

ಕೇರಳದ ಕುಟ್ಟನಾಡಿಗೂ ಹೋಗಿ ಬನ್ನಿ. ಸಮುದ್ರಮಟ್ಟಕ್ಕಿಂತ ಕೆಳಗೆ ಗದ್ದೆ ಮಾಡುವ ನಾಡು ಅದು. ಅಲ್ಲಿ ಪೀಟಿನಂಥ ಕಪ್ಪು ನೆಲ ಇದೆ, ಹುಳಿ ಜಾಸ್ತಿ, ಸುಣ್ಣ ಹಾಕದೆ ಭತ್ತ ಬರುವುದಿಲ್ಲ. ರೈತರು ಅದಕ್ಕೆ ‘ಕರಿ’ ನೆಲ ಅನ್ನುತ್ತಾರೆ. ಮಲಯಾಳದಲ್ಲಿ ಕರಿ ಅಂದರೆ ಇದ್ದಿಲು. ನೋಡಿ, ಕಲ್ಲಿದ್ದಲಿನ ಹಂತಗಳನ್ನು ಉರು ಹೊಡೆಯದ ರೈತ ಕಣ್ಣಲ್ಲೇ ನೋಡಿ ಇದ್ದಿಲಿನ ಹೆಸರಿಟ್ಟ. ಮಣ್ಣಿನ ವಿಜ್ಞಾನಿಗಳೂ ಅದನ್ನೇ ಎತ್ತಿಕೊಂಡು ‘ಕರಿ ಮಣ್ಣು’ ಅಂತ ಬರೆಯುತ್ತಾರೆ.

(ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಹೆಸರಾಂತ ವಿಸ್ಕಿಯೊಂದಕ್ಕೆ ಪೀಟಿನ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿಯನ್ನೂ ಬಳಸುತ್ತಾರೆ. ಮೊಳಕೆ ಬರಿಸಿದ ಬಾರ್ಲಿಯನ್ನು ಪೀಟಿನ ಬೆಂಕಿಯಲ್ಲಿ ಒಣಗಿಸಿದರೆ ಆ ಹೊಗೆಯ ವಾಸನೆ ಕೊನೆಯವರೆಗೂ ಬರುತ್ತದಂತೆ. ಕುಡಿಯುವವರು ‘ಪೀಟೆಡ್’ ಅಂತ ಹೇಳಿಕೊಂಡು ತಿರುಗುತ್ತಾರೆ. ಇದನ್ನು ಪಠ್ಯದಲ್ಲಿ ಹಾಕಿ ಅಂತ ನಾನು ಹೇಳುತ್ತಿಲ್ಲ.)

ಈಗ ನನ್ನ ಟೆರೇಸಿಗೆ ಬರೋಣ. ನಾನು ತಿಪಟೂರು ಕಡೆಯವಳು. ನಮ್ಮೂರ ಹತ್ತಿರ ನಾರಿನ ಫ್ಯಾಕ್ಟರಿ ಇತ್ತು. ತೆಂಗಿನ ಮಟ್ಟೆಯಿಂದ ನಾರು ಬಿಡಿಸಿದ ಮೇಲೆ ಕಂದು ಪುಡಿ ಉಳಿಯುತ್ತಿತ್ತು. ಬೆಟ್ಟದ ಹಾಗೆ ರಾಶಿ. ನಾವು ಅದರ ಮೇಲೆ ಜಾರುಬಂಡೆ ಆಡಿ, ಮೈಯೆಲ್ಲ ತುರಿಕೆ ಹತ್ತಿಸಿಕೊಂಡು ಬೈಸಿಕೊಳ್ಳುತ್ತಿದ್ದೆವು. ಯಾರಿಗೂ ಬೇಡದ ಪುಡಿ. ಮಳೆ ಬಂದರೆ ಕೆಂಪಗೆ ರಸ ಹರಿಯುತ್ತಿತ್ತು. ನಾವು ಅದನ್ನು ‘ನಾರಿನ ಪುಡಿ’ ಅನ್ನುತ್ತಿದ್ದೆವು.

ಅದೇ ಪುಡಿಯನ್ನು ತೊಳೆದು, ಒಣಗಿಸಿ, ಒತ್ತಿ, 5 ಕಿಲೋ ಇಟ್ಟಿಗೆ ಮಾಡಿ, ಮೇಲೆ ‘ಕೋಕೋಪೀಟ್’ ಅಂತ ಅಚ್ಚು ಹಾಕಿ ಬೆಂಗಳೂರಿನಲ್ಲಿ ನನಗೇ ಮಾರುತ್ತಾರೆ. ಬಕೆಟ್ಟಿಗೆ ಹಾಕಿ ನೀರು ಸುರಿದರೆ ಉಬ್ಬುತ್ತಾ ಉಬ್ಬುತ್ತಾ ನಾಲ್ಕೈದು ಬಕೆಟ್ ಆಗುತ್ತದೆ. ಒಳ್ಳೆಯ ಸಾಮಾನೇ, ದೂರಿಲ್ಲ. ನೀರು ಹಿಡಿಯುವುದರಲ್ಲಿ ಪೀಟಿನ ಹಾಗೇ ಕೆಲಸ ಮಾಡುತ್ತದೆ, ಅದಕ್ಕೇ ಆ ಹೆಸರು. ಆದರೆ ಇದರಲ್ಲಿ ಪೀಟ್ ಒಂದು ಚಿಟಿಕೆಯೂ ಇಲ್ಲ. ಪೀಟಿಗೆ ಸಾವಿರ ವರ್ಷ ಬೇಕು. ಈ ಪುಡಿಗೆ ಮುಂದಿನ ಕೊಯ್ಲು ಬಂದರೆ ಸಾಕು.

ಇದರಲ್ಲಿ ಒಂದು ತಮಾಷೆ ಇದೆ. ಯುರೋಪಿನಲ್ಲಿ ತೋಟಗಾರರು ಚೀಲಗಟ್ಟಲೆ ಅಸಲಿ ಪೀಟ್ ಬಳಸುತ್ತಿದ್ದರು. ಜೌಗು ಒಣಗಿಸಿ ಪೀಟ್ ತೆಗೆದರೆ ಅದರೊಳಗೆ ಹುದುಗಿದ್ದ ಇಂಗಾಲ ಗಾಳಿಗೆ ಸೇರುತ್ತದೆ. ಭೂಮಿಯ ನೆಲಭಾಗದಲ್ಲಿ ಪೀಟ್ ಇರುವುದು ಬರೀ 3 ಶೇಕಡಾ ಜಾಗದಲ್ಲಿ. ಆದರೂ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ ಇಂಗಾಲ ಅಲ್ಲಿದೆ. ಇದು ತಲೆಗೆ ಹೋದ ಮೇಲೆ ಅವರು ಬದಲಿ ಹುಡುಕಿದರು. ಐರ್ಲೆಂಡಿನ ಸರ್ಕಾರಿ ಪೀಟ್ ಕಂಪನಿ ‘ಬೋರ್ಡ್ ನ ಮೋನ’ 1946ರಿಂದ ಪೀಟ್ ತೆಗೆಯುತ್ತಿತ್ತು. ಹೆಸರಿನ ಅರ್ಥವೇ ಪೀಟ್ ಮಂಡಳಿ. ಅದು 2021ರಲ್ಲಿ ಪೀಟ್ ತೆಗೆಯುವುದನ್ನು ನಿಲ್ಲಿಸಿದ್ದೇವೆ ಅಂತ ಹೇಳಿತು. ಬದಲಿಗೆ ಬಂದದ್ದರಲ್ಲಿ ನಮ್ಮ ಈ ನಾರಿನ ಪುಡಿಯೂ ಒಂದು. ಹಡಗು ಹತ್ತಿ ಹೋಗುತ್ತದೆ. ಭಾರತದ ನಾರಿನ ಉತ್ಪನ್ನಗಳ ರಫ್ತಿನಲ್ಲಿ ಈಗ ಎಲ್ಲಕ್ಕಿಂತ ದೊಡ್ಡ ಪಾಲು ಈ ಪುಡಿಯದೇ. ಅಂದರೆ ಪೀಟ್ ಉಳಿಯಲಿ ಅಂತ ಹೋದ ವಸ್ತುವಿಗೆ ಪೀಟ್ ಅಂತಲೇ ಹೆಸರು. ಮಗು ಗೊಂದಲ ಮಾಡಿಕೊಂಡಿದ್ದರಲ್ಲಿ ಆಶ್ಚರ್ಯ ಏನಿದೆ?

ಆದ್ದರಿಂದ ನನ್ನ ಕೋರಿಕೆ. ಪೀಟ್ ಅನ್ನುವ ಪದವನ್ನು ಬದಲಾಯಿಸಬೇಡಿ. ನಿಮಗೆ ‘ಸಸ್ಯಾಂಗಾರ’ ಅಂತಲೋ ‘ಜೌಗುಮೃತ್ತಿಕೆ’ ಅಂತಲೋ ಬರೆಯಲು ಕೈ ತುರಿಸಬಹುದು. ಹಾಗೆ ಬರೆದರೆ ಮಗು ಎರಡು ಪದ ಉರು ಹೊಡೆಯಬೇಕಾಗುತ್ತದೆ ಅಷ್ಟೇ. ಪೀಟ್ ಸಣ್ಣ ಪದ, ನಾಲಿಗೆಗೆ ಸುಲಭ, ಇರಲಿ. ಅದರ ಪಕ್ಕದಲ್ಲಿ ‘ಜೌಗು ನೆಲದಲ್ಲಿ ಪೂರ್ತಿ ಕೊಳೆಯದೆ ಉಳಿದ ಪಾಚಿ, ಹುಲ್ಲು, ಬೇರುಗಳ ಪದರ, ತುಂಡು ಕೊಯ್ದು ಒಣಗಿಸಿ ಬೆರಣಿಯಂತೆ ಉರಿಸುತ್ತಾರೆ’ ಅಂತ ಬರೆಯಿರಿ. ನಿಘಂಟಿನಲ್ಲಿ ‘ಮೂಲ ಅರ್ಥ: ತುಂಡು’ ಅಂತ ಸೇರಿಸಿ. ಕೋಕೋಪೀಟ್‌ಗೆ ಬೇರೆ ನಮೂದು ಕೊಡಿ. ಅದರ ಎದುರಿಗೆ ‘ತೆಂಗಿನ ನಾರಿನ ಪುಡಿ, ಪೀಟ್ ಅಲ್ಲ’ ಅಂತ ಹಾಕಿ. ತಿಪಟೂರು, ಅರಸೀಕೆರೆ ಕಡೆ ನಾರಿನ ಕೆಲಸ ಮಾಡುವ ಹೆಂಗಸರನ್ನು ಕೇಳಿದರೆ ಇನ್ನೂ ನಾಲ್ಕು ಪದ ಸಿಗುತ್ತವೆ. ನಾಗರಹೊಳೆ ಕಡೆ ಕಾಡಿನ ನಡುವಿನ ಜೌಗು ಬಯಲಿಗೆ ‘ಹಡ್ಲು’ ಅನ್ನುತ್ತಾರಲ್ಲ, ಅಂಥ ಪದಗಳನ್ನೂ ಆ ಪಾಠದೊಳಕ್ಕೆ ಕರೆದುಕೊಳ್ಳಿ. ಜೌಗು ಅನ್ನುವ ಒಂದೇ ಪದದಲ್ಲಿ ಎಷ್ಟು ದಿನ ಓಡಿಸುತ್ತೀರಿ?

ಅಣ್ಣನ ಮಗಳು ಮೊನ್ನೆ ಟೆರೇಸಿಗೆ ಬಂದು, ಕೋಕೋಪೀಟ್ ಇಟ್ಟಿಗೆಯ ಪ್ಲಾಸ್ಟಿಕ್ಕಿನ ಮೇಲೆ ಮಾರ್ಕರಿನಲ್ಲಿ ‘ಪೀಟ್’ ಅನ್ನುವುದನ್ನು ಹೊಡೆದುಹಾಕಿದಳು. ‘ನಾರಿನ ಪುಡಿ’ ಅಂತ ಬರೆದಳು. ಆಮೇಲೆ ಅಲ್ಲೇ ನಿಂತು, ಆ ಒಂದು ಅಂಕವನ್ನು ಮೇಷ್ಟ್ರು ವಾಪಸ್ ಕೊಡುತ್ತಾರಾ ಅಂತ ಕೇಳಿದಳು. ಅದಕ್ಕೆ ನಿಮ್ಮ ಮುಂದಿನ ಮುದ್ರಣ ಬರಬೇಕು ಅಂದೆ.

ಇಂತಿ,
ತಿಪಟೂರು ಕಡೆಯ ಒಬ್ಬ ಸೋದರತ್ತೆ